ಲಕ್ವದ ನಂತರ ಮನೆಯಲ್ಲೇ ಫಿಸಿಯೋಥೆರಪಿ: ನಮ್ಮಂಥ ಹಳ್ಳಿಮನೆಯಲ್ಲಿ ಹೇಗೆ ನಡೆಸುವುದು?

ಹೆತ್ತೂರು ಕಡೆಯವನು, ಸಕಲೇಶಪುರ ತಾಲ್ಲೂಕು

ತಂದೆಯವರಿಗೆ 66 ವರ್ಷ. ಬಲಭಾಗಕ್ಕೆ ಲಕ್ವ ಹೊಡೆದು ಹಾಸನದಲ್ಲಿ ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದಾರೆ. ಮೆದುಳಿನ ಎಡಭಾಗದ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದು ಸ್ಕ್ಯಾನಿಂಗ್‌ನಲ್ಲಿ ಕಂಡಿತ್ತು. ಕಾಲಿಗೆ ಸ್ವಲ್ಪ ಬಲ ಬಂದಿದೆ, ಯಾರಾದರೂ ಹಿಡಿದುಕೊಂಡರೆ ನಿಲ್ಲುತ್ತಾರೆ. ಕೈ ಮಾತ್ರ ಜೋತುಬಿದ್ದಿದೆ. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತದೆ. ತಾವು ಹೇಳಲು ಹೋದರೆ "ಅದು, ಅದು" ಎಂದು ಅಲ್ಲೇ ನಿಂತುಬಿಡುತ್ತದೆ. ಆಗ ಸಿಟ್ಟು ಬಂದು ಗೋಡೆ ಕಡೆ ತಿರುಗಿ ಮಲಗುತ್ತಾರೆ.

ಸಕಲೇಶಪುರದಿಂದ ಫಿಸಿಯೋ ಒಬ್ಬರು ವಾರಕ್ಕೆ ಎರಡು ಸಲ ಬರುತ್ತಾರೆ. ಒಂದು ಭೇಟಿಗೆ 600 ರೂಪಾಯಿ. ಅವರ ಕೆಲಸದ ಬಗ್ಗೆ ದೂರಿಲ್ಲ. ಆದರೆ ಮುಂಗಾರು ಹಿಡಿದ ಮೇಲೆ ನಮ್ಮ ರಸ್ತೆಯಲ್ಲಿ ಬೈಕ್ ಬರುವುದು ಕಷ್ಟ. ಅವರು ಬಾರದ ದಿನ ನಾವು ಏನು ಮಾಡಬೇಕು, ಏನು ಮಾಡಬಾರದು? ಆಸ್ಪತ್ರೆಯಲ್ಲಿ ಕೊಟ್ಟ ಹಾಳೆಯಲ್ಲಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು, ಒಂದೆರಡು ಚಿತ್ರ, ಅಷ್ಟೇ. ನೋಡಲು ಬಂದ ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಚೆಂಡು ಹಿಸುಕಿಸಿ ಎನ್ನುತ್ತಾರೆ, ತೊಲೆಗೆ ಹಗ್ಗ ಇಳಿಬಿಟ್ಟು ಕೈ ಮೇಲೆತ್ತಿಸಿ ಎನ್ನುತ್ತಾರೆ, ಎಣ್ಣೆ ತಿಕ್ಕಿ ಎನ್ನುತ್ತಾರೆ. ಯಾವುದನ್ನು ನಂಬುವುದು? ಮನೆಯಲ್ಲಿ ತಾಯಿ, ನಾನು, ನನ್ನ ಹೆಂಡತಿ ಇದ್ದೇವೆ. ಹೇಳಿಕೊಟ್ಟರೆ ಮಾಡುವುದಕ್ಕೆ ಮೂವರೂ ತಯಾರಿದ್ದೇವೆ.

ಫಿಸಿಯೋಥೆರಪಿಸ್ಟ್, ಹಾಸನ

ಕೈ ಜೋತುಬಿದ್ದಿದೆ ಎಂದಿರಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಮನೆಗೆ ಬಂದ ಮೇಲೆ ಎಲ್ಲಕ್ಕಿಂತ ಮೊದಲು ಕೆಡುವುದು ಆ ಭುಜ.

ಭುಜದ ಕೀಲಿನ ಗುಂಡು ಆಳವಾದ ಗುಳಿಯಲ್ಲಿ ಕೂತಿರುವುದಿಲ್ಲ. ಸುತ್ತಲಿನ ಸ್ನಾಯುಗಳೇ ಅದನ್ನು ಹಿಡಿದಿರುತ್ತವೆ. ಲಕ್ವದಲ್ಲಿ ಅವು ಸಡಿಲವಾದಾಗ ಕೈಯ ಭಾರಕ್ಕೇ ಗುಂಡು ಕೆಳಗೆ ಜಾರುತ್ತದೆ. ಭುಜದ ತುದಿಯ ಮೂಳೆಯ ಕೆಳಗೆ ನಿಮ್ಮ ಬೆರಳಿಟ್ಟು ನೋಡಿ. ಬೆರಳು ಕೂರುವಷ್ಟು ಹಳ್ಳ ಸಿಕ್ಕರೆ ಜಾರಿದೆ ಎಂದೇ ತಿಳಿಯಿರಿ. ಅಂಥ ಕೈಯನ್ನು ಹಿಡಿದೆಳೆದು ಕೂರಿಸುವುದು, ಕಂಕುಳಿಗೆ ಕೈಹಾಕಿ ಎತ್ತುವುದು ಖಂಡಿತ ಕೂಡದು. ಒಮ್ಮೆ ಭುಜದ ನೋವು ಶುರುವಾಯಿತೆಂದರೆ ರಾತ್ರಿ ನಿದ್ದೆ ಹೋಗುತ್ತದೆ, ಹಗಲು ವ್ಯಾಯಾಮಕ್ಕೆ ಒಪ್ಪುವುದಿಲ್ಲ, ತಿಂಗಳುಗಳು ಹಾಳಾಗುತ್ತವೆ. ನೆಂಟರ ಮಾತು ಕೇಳಿ ತೊಲೆಗೆ ಹಗ್ಗ ಕಟ್ಟಿದ್ದರೆ ಇಂದೇ ಬಿಚ್ಚಿಬಿಡಿ. ತಲೆಯ ಮೇಲೆ ಹಗ್ಗ ಎಳೆಸುವುದರಿಂದ ಇಂಥ ಭುಜಕ್ಕೆ ಕೇಡೇ ಹೆಚ್ಚು.

ಕೂತಾಗ ಬಲಗೈಯನ್ನು ತೊಡೆಯ ಮೇಲೆ ದಿಂಬಿಟ್ಟು ಅದರ ಮೇಲೆ ಇಡಿ, ಅಥವಾ ಮುಂದೆ ಮೇಜು ಹಾಕಿ ಮೊಣಕೈ ಸಮೇತ ಅದರ ಮೇಲೆ ಚಾಚಿಡಿ. ಎಡಮಗ್ಗುಲಿಗೆ ಮಲಗಿದಾಗ ಎದೆಯ ಮುಂದೊಂದು ದಿಂಬು, ಅದರ ಮೇಲೆ ಬಲಗೈ. ಬಲಮಗ್ಗುಲಿಗೂ ಮಲಗಬಹುದು, ಮಲಗಬೇಕು ಕೂಡ. ಆಗ ಹೆಗಲನ್ನು ಮೆಲ್ಲಗೆ ಮುಂದಕ್ಕೆ ತಂದಿರಬೇಕು, ಭಾರ ತೋಳಿನ ತುದಿಯ ಮೇಲೆ ಬೀಳದೆ ಹೆಗಲಿನ ಹಿಂದಿನ ಚಪ್ಪಟೆ ಮೂಳೆಯ ಮೇಲೆ ಬೀಳಬೇಕು. ತಾವಾಗಿ ಹೊರಳಲು ಬಾರದಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಹಾಸಿಗೆ ಹುಣ್ಣು ಬರುವುದು ಬೇಗ, ಮಾಯುವುದು ಬಹಳ ತಡ.

ಇನ್ನು ವ್ಯಾಯಾಮ. ಹಿಡಿದರೆ ನಿಲ್ಲುತ್ತಾರೆ ಎಂದಿರಿ, ಅದು ಒಳ್ಳೆಯ ಸುದ್ದಿ. ನಿಮ್ಮ ಫಿಸಿಯೋ ಒಪ್ಪಿದರೆ ಕೂತು ಏಳುವುದನ್ನೇ ದಿನದ ಮುಖ್ಯ ಕೆಲಸ ಮಾಡಿಕೊಳ್ಳಿ. ಕೈಯಿರುವ ಗಟ್ಟಿ ಮರದ ಕುರ್ಚಿ ಇರಲಿ, ಮೊದಮೊದಲು ದಪ್ಪ ದಿಂಬು ಹಾಕಿ ಎತ್ತರಿಸಿ. ಎರಡೂ ಪಾದ ಮಂಡಿಗಿಂತ ತುಸು ಹಿಂದೆ ನೆಲಕ್ಕೂರಿರಬೇಕು. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಆಮೇಲೆ ಏಳಬೇಕು. ನೀವು ಬಲಗಡೆ ನಿಂತು, ಅವರ ಸೊಂಟಕ್ಕೆ ಕಟ್ಟಿದ ಅಗಲವಾದ ಬೆಲ್ಟನ್ನು ಹಿಡಿಯಿರಿ. ಬಲಮಂಡಿ ಕುಸಿಯುವಂತಿದ್ದರೆ ನಿಮ್ಮ ಮಂಡಿಯನ್ನು ಅದಕ್ಕೆ ಒತ್ತುಕೊಡಿ. ಎಲ್ಲರೂ ಎಡಗಾಲಿನ ಮೇಲೇ ಭಾರ ಹಾಕಿ ಎದ್ದುಬಿಡುತ್ತಾರೆ. ಬಲಗಾಲಿಗೂ ಭಾರ ಬೀಳುತ್ತಿದೆಯೇ ಎಂದು ನೋಡುವುದೇ ನಿಮ್ಮ ಕೆಲಸ. ಒಂದೇ ಹೊತ್ತಿನಲ್ಲಿ ಸುಸ್ತು ಮಾಡಿಸಬೇಡಿ. ಸ್ವಲ್ಪ ಸ್ವಲ್ಪವಾಗಿ ದಿನವಿಡೀ ನಡೆಯಲಿ.

ಚೆಂಡಿನ ವಿಷಯ. ಅವರ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತಿಲ್ಲ. ದಿನ ಕಳೆದಂತೆ ಮುಷ್ಟಿ ಬಿಗಿಯಾಗುವುದು ಲಕ್ವದ ಸ್ವಭಾವ, ಹಾಗಿರುವಾಗ ಮುಷ್ಟಿ ಕಟ್ಟುವುದನ್ನೇ ಅಭ್ಯಾಸ ಮಾಡಿಸಿ ಏನು ಬಂತು? ಮೇಜಿನ ಮೇಲೆ ಬಟ್ಟೆ ಹಾಸಿ ಅಂಗೈಯನ್ನು ಅದರ ಮೇಲಿಟ್ಟು ಎರಡೂ ಕೈ ಸೇರಿಸಿ ಮುಂದಕ್ಕೆ ಒರೆಸುವುದು, ಬೆರಳು ಬಿಚ್ಚುವ ಪ್ರಯತ್ನ, ಮಣಿಕಟ್ಟು ಎತ್ತುವ ಪ್ರಯತ್ನ, ಇವು ಬೇಕು. ಚಲನೆ ಕಾಣದಿದ್ದರೂ ಅವರು ಮನಸ್ಸಿಟ್ಟು ಪ್ರಯತ್ನಿಸಬೇಕು. ಮೆದುಳು ಮತ್ತೆ ಕಲಿಯುವುದು ಅವರ ಸ್ವಂತ ಪ್ರಯತ್ನದಿಂದ. ನಾವು ಕೈಯನ್ನು ಆಡಿಸಿಕೊಡುವುದರಿಂದ ಕೀಲು ಹಿಡಿದುಕೊಳ್ಳದಂತೆ ಇರುತ್ತದೆ, ಅಷ್ಟೇ.

ಅರಕಲಗೂಡಿನ ಗೃಹಿಣಿ

ಅಣ್ಣಾ, ನಮ್ಮ ಮನೆಯವರನ್ನು ನೋಡಿಕೊಂಡ ಅನುಭವದಿಂದ ಹೇಳುತ್ತೇನೆ. ಕೈಕಾಲಿನ ಮಾತು ಆಮೇಲೆ, ಮೊದಲು ಊಟ ನೋಡಿಕೊಳ್ಳಿ. ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ, ತುತ್ತು ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಗಂಟಲಿನ ಹಿಡಿತ ತಪ್ಪಿದವರಿಗೆ ಅದೇ ಮುದ್ದೆ ಉಸಿರಿಗೆ ಅಡ್ಡ ಬರುತ್ತದೆ. ಇವರಿಗೆ ನೀರು ಕುಡಿದರೂ ಕೆಮ್ಮು ಬರುತ್ತಿತ್ತು, ಮಾತನಾಡಿದರೆ ಗಂಟಲಲ್ಲಿ ನೀರು ನಿಂತಂತೆ ಗೊರಗೊರ ದನಿ. ವೈದ್ಯರಿಗೆ ತೋರಿಸಿದ ಮೇಲೆ, ತೆಳು ನೀರಿಗಿಂತ ಗಟ್ಟಿಯಾದ ದ್ರವ ನುಂಗುವುದು ಸುಲಭ ಎಂದು ತಿಳಿಯಿತು. ರಾಗಿ ಅಂಬಲಿಯನ್ನು ಚಮಚದಿಂದ ಮೆಲ್ಲಗೆ ಜಾರುವಷ್ಟು ಗಟ್ಟಿ ಮಾಡಿ ಕೊಡುತ್ತಿದ್ದೆ.

ಮಲಗಿಸಿಕೊಂಡು ತಿನ್ನಿಸಬೇಡಿ. ನೆಟ್ಟಗೆ ಕೂರಿಸಿ, ಊಟದ ಮೇಲೂ ಅರ್ಧ ಗಂಟೆ ಕೂತೇ ಇರಲಿ. ಊಟವಾದ ಮೇಲೆ ಬಲದವಡೆಯ ಒಳಗೆ ಬೆರಳಾಡಿಸಿ ನೋಡಿ. ಅನ್ನ ಅಲ್ಲೇ ಉಳಿದಿರುತ್ತದೆ, ಅವರಿಗೆ ಗೊತ್ತೇ ಆಗಿರುವುದಿಲ್ಲ.

ಮೂಡಿಗೆರೆ ತೋಟದವರು

ಎಲ್ಲರೂ ಇಂಗ್ಲಿಷ್ ಔಷಧಿಯ ಮಾತೇ ಆಡುತ್ತಿದ್ದೀರಿ. ನಮ್ಮ ದೊಡ್ಡಪ್ಪನವರಿಗೆ ಲಕ್ವವಾದಾಗ ನಾಟಿ ವೈದ್ಯರ ಔಷಧಿ, ಪಥ್ಯ, ದಿನಕ್ಕೆರಡು ಹೊತ್ತು ಎಣ್ಣೆ ನೀವಿಕೆ, ಇಷ್ಟರಲ್ಲೇ ಕಾಲು ಬಂತು. ಎರಡು ತಿಂಗಳಲ್ಲಿ ತೋಟಕ್ಕೆ ನಡೆದುಕೊಂಡು ಹೋದರು. ಪಾರಿವಾಳದ ರಕ್ತ ಹಚ್ಚುವುದನ್ನೂ ಕೆಲವರು ಹೇಳಿದ್ದರು, ಅದಕ್ಕೆ ನಾವು ಹೋಗಲಿಲ್ಲ. ಆದರೆ ನೀವಿಕೆಯಿಂದ ಆದ ಉಪಕಾರವನ್ನು ಕಣ್ಣಾರೆ ಕಂಡಿದ್ದೇನೆ. ಹಿರಿಯರು ಉಳಿಸಿಕೊಂಡು ಬಂದದ್ದನ್ನೆಲ್ಲ ತಳ್ಳಿಹಾಕಬೇಡಿ.

ಶುಶ್ರೂಷಕಿ, ಬೇಲೂರು

ಸರ್, ನಿಮ್ಮ ದೊಡ್ಡಪ್ಪನವರು ನಡೆದದ್ದು ಸಂತೋಷ. ಒಂದು ಮಾತು ಯೋಚಿಸಿ. ಲಕ್ವದ ನಂತರ ಮೊದಲ ಮೂರು ತಿಂಗಳಲ್ಲಿ ಚೇತರಿಕೆಯ ವೇಗ ಎಲ್ಲಕ್ಕಿಂತ ಹೆಚ್ಚು. ಮೆದುಳಿನ ಊತ ಇಳಿಯುತ್ತದೆ, ಉಳಿದ ನರಕೋಶಗಳು ಹೊಸ ಸಂಪರ್ಕ ಬೆಳೆಸಿಕೊಳ್ಳುತ್ತವೆ. ಆ ಅವಧಿಯಲ್ಲಿ ಯಾವ ಔಷಧಿ ಕೊಟ್ಟಿದ್ದರೂ ಕೀರ್ತಿ ಅದಕ್ಕೇ ಹೋಗುತ್ತದೆ.

ನೀವಿಕೆಯಿಂದ ಮೈಗೆ ಹಿತವಾಗುತ್ತದೆ, ಮನಸ್ಸಿಗೂ ಸಮಾಧಾನ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಬಲಹೀನ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಅಲ್ಲಿ ಹೆಪ್ಪು ಕಟ್ಟಿರಬಹುದು. ಅದನ್ನು ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಅಂಥ ಕಾಲನ್ನು ಮುಟ್ಟದೆ ಆಸ್ಪತ್ರೆಗೆ ಕರೆತನ್ನಿ. ಶಾಖ ಕೊಡುವಾಗಲೂ ಎಚ್ಚರ. ಸ್ಪರ್ಶಜ್ಞಾನ ಇಲ್ಲದ ಕೈಗೆ ಬಿಸಿ ತಿಳಿಯುವುದಿಲ್ಲ. ಹಂಡೆಯ ನೀರಿನ ಹದವನ್ನು ಅವರ ಎಡಗೈಯಿಂದಲೋ ನಿಮ್ಮ ಕೈಯಿಂದಲೋ ನೋಡಿ.

ನನಗೆ ನಿಜವಾಗಿ ಭಯವಿರುವುದು ಬೇರೆ ವಿಷಯಕ್ಕೆ. ನಾಟಿ ಔಷಧಿ ಶುರುವಾದಾಗ ಪಥ್ಯದ ಹೆಸರಿನಲ್ಲಿ ಬಿ.ಪಿ. ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಕೊಬ್ಬಿನ ಮಾತ್ರೆ ಎಲ್ಲವನ್ನೂ ನಿಲ್ಲಿಸುತ್ತಾರೆ. ಎರಡನೆಯ ಸಲ ಲಕ್ವವಾಗಿ ಬಂದವರನ್ನು ವಾರ್ಡಿನಲ್ಲಿ ನೋಡುತ್ತೇನೆ. ಮಾತ್ರೆ ಬಿಟ್ಟಿದ್ದರೇ ಎಂದು ಕೇಳಿದರೆ ಮನೆಯವರು ತಲೆ ತಗ್ಗಿಸುತ್ತಾರೆ. ಒಮ್ಮೆ ಲಕ್ವವಾದವರಲ್ಲಿ ಸಾಮಾನ್ಯವಾಗಿ ಬಿ.ಪಿ. 130/80ಕ್ಕಿಂತ ಕೆಳಗಿರಬೇಕೆಂದು ವೈದ್ಯರು ನೋಡುತ್ತಾರೆ. ಮನೆಯಲ್ಲೊಂದು ಬಿ.ಪಿ. ಯಂತ್ರ ಇಟ್ಟುಕೊಂಡು, ಸರಿಯಿರುವ ಕೈಯಲ್ಲಿ ನೋಡಿ, ಪುಸ್ತಕದಲ್ಲಿ ಬರೆದಿಡಿ.

ಮೂಡಿಗೆರೆ ತೋಟದವರು

ಮಾತ್ರೆ ನಿಲ್ಲಿಸಿ ಎಂದು ನಾನು ಹೇಳಲಿಲ್ಲ, ತಾಯಿ. ನಮ್ಮ ದೊಡ್ಡಪ್ಪನವರು ಎರಡನ್ನೂ ತೆಗೆದುಕೊಂಡರು. ನೀವಿಕೆಯ ಮೇಲೆ ನನ್ನ ನಂಬಿಕೆ ಹಾಗೆಯೇ ಇದೆ. ಕಾಲು ಊದಿದರೆ ತಿಕ್ಕಬಾರದು ಎನ್ನುವುದನ್ನು ನಮ್ಮ ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರಿಗೂ ಹೇಳುತ್ತೇನೆ.

ನಿವೃತ್ತ ಶಿಕ್ಷಕ, ಕಡೂರು

ಇಲ್ಲಿಯವರೆಗೆ ಬರೆದವರೆಲ್ಲ ನೋಡಿಕೊಳ್ಳುವವರು. ನಾನು ಮಲಗಿದ್ದವನು. ನನಗೂ ಬಲಭಾಗವೇ ಹೋಗಿತ್ತು.

ಹೆತ್ತೂರಿನವರೇ, ನಿಮ್ಮ ತಂದೆ ಗೋಡೆ ಕಡೆ ತಿರುಗುವುದು ಹಟದಿಂದ ಅಲ್ಲ. ನಿನ್ನೆಯವರೆಗೆ ಇಡೀ ತೋಟದ ಲೆಕ್ಕ ಹೇಳುತ್ತಿದ್ದ ಮನುಷ್ಯನಿಗೆ ಇಂದು ಸೊಸೆ ಬಾಯಿ ಒರೆಸುತ್ತಾಳೆ. ಆ ನಾಚಿಕೆ ಎಷ್ಟು ಭಾರ ಎಂಬುದು ಅನುಭವಿಸಿದವನಿಗೇ ಗೊತ್ತು. ಕಾರಣವಿಲ್ಲದೆ ಅಳು ಬರುತ್ತಿತ್ತು ನನಗೆ. ಮೊಮ್ಮಗಳು ಶಾಲೆಯಿಂದ ಬಂದರೆ ಅಳು, ಟಿ.ವಿ.ಯಲ್ಲಿ ಯಾರದೋ ಮದುವೆ ತೋರಿಸಿದರೆ ಅಳು. ಮೆದುಳಿಗೆ ಪೆಟ್ಟಾದಾಗ ಅಳು, ನಗು ಎರಡರ ಕಡಿವಾಣವೂ ತಪ್ಪುತ್ತದೆ ಎಂದು ವೈದ್ಯರು ಬಿಡಿಸಿ ಹೇಳಿದ ಮೇಲೆ ಮನೆಯವರು ಗಾಬರಿಯಾಗುವುದನ್ನು ಬಿಟ್ಟರು.

ನನ್ನನ್ನು ಎಬ್ಬಿಸಿ ನಡೆಸಿದ್ದು ನನ್ನ ಹೆಂಡತಿಯ ಒಂದು ಪದ್ಧತಿ. ಆಕೆ ನಾನು ಮಾಡಬಹುದಾದ ಯಾವ ಕೆಲಸವನ್ನೂ ಮಾಡಿಕೊಡುತ್ತಿರಲಿಲ್ಲ. ಅಂಗಿ ಕೊಟ್ಟು ಎದುರಿಗೆ ಕೂರುವಳು. ಬಲತೋಳನ್ನು ಮೊದಲು ತೂರಿಸಬೇಕು, ಆಮೇಲೆ ಎಡತೋಳು. ಬಿಚ್ಚುವಾಗ ಎಡಗೈ ಮೊದಲು. ಗುಂಡಿ ಹಾಕಲು ಎಷ್ಟು ಹೊತ್ತಾದರೂ ಕಾಯುವಳು, ಕೈ ಮುಂದೆ ಮಾಡುತ್ತಿರಲಿಲ್ಲ. ನೋಡಲು ಬಂದ ನೆಂಟರು ಆಕೆಯನ್ನು ಕಲ್ಲುಮನಸ್ಸಿನವಳು ಎಂದರು. ಆಕೆಗಿದ್ದಷ್ಟು ತಾಳ್ಮೆ ಅವರಲ್ಲಿ ಒಬ್ಬರಿಗೂ ಇರಲಿಲ್ಲ.

ಬೆರಳುಗಳಿಗೆ ಸ್ವಲ್ಪ ಬಿಡುವು ಬಂದ ಹೊತ್ತಿಗೆ ಅವರೆಕಾಯಿಯ ಕಾಲ. ರಾತ್ರಿ ನೆನೆಸಿದ ಅವರೆಕಾಳನ್ನು ಒಂದು ಬೋಗುಣಿಯಲ್ಲಿ ತಂದು ಮುಂದಿಟ್ಟಳು, ಹಿತಕಲು. ಮಾಡಿದವರಿಗೆ ಗೊತ್ತು, ಕಾಳಿನ ಒಂದು ತುದಿಯನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಹದವಾಗಿ ಒತ್ತಬೇಕು. ಹೆಚ್ಚು ಒತ್ತಿದರೆ ಬೇಳೆ ಎಲ್ಲಿಗೋ ಹಾರುತ್ತದೆ, ಕಡಿಮೆ ಒತ್ತಿದರೆ ಸಿಪ್ಪೆಯೊಳಗೇ ಉಳಿಯುತ್ತದೆ. ಮೊದಲು ಕಾಳು ಹಿಡಿಯಲೇ ಆಗುತ್ತಿರಲಿಲ್ಲ, ಜಾರಿ ಬೋಗುಣಿಗೇ ಬೀಳುತ್ತಿತ್ತು. ಎಡಗೈಯಿಂದ ಕಾಳನ್ನು ಬಲಬೆರಳಿನ ನಡುವೆ ಇಟ್ಟುಕೊಂಡು ಒತ್ತಿದೆ. ಸಿಪ್ಪೆ ಬಿಟ್ಟು ಬೇಳೆ ಹೊರಗೆ ಬಂದಾಗ ಆದ ಸಂತೋಷವನ್ನು ಹೇಗೆ ಹೇಳಲಿ. ಆ ದಿನದ ಸಾರಿಗೆ ನಾನೂ ದುಡಿದಿದ್ದೆ. ಯಾವ ರಬ್ಬರ್ ಚೆಂಡೂ ನನಗೆ ಆ ಮಾತು ಹೇಳಿರಲಿಲ್ಲ.

ನಿಮ್ಮದು ಕಾಫಿಯ ಮನೆ. ಒಣಗಿದ ಕಾಫಿಬೀಜದಲ್ಲಿ ಒಡಕು, ಕಪ್ಪು ಆರಿಸುವುದನ್ನು ಅವರಿಗೆ ಒಪ್ಪಿಸಿ. ತಪ್ಪಾದರೂ ಪುನಃ ಆರಿಸಲು ಹೋಗಬೇಡಿ, ಅವರ ಎದುರಿಗಂತೂ ಬೇಡ.

ಫಿಸಿಯೋಥೆರಪಿಸ್ಟ್, ಹಾಸನ

ಮೇಷ್ಟ್ರೇ, ನಾವು ತರಗತಿಯಲ್ಲಿ ಕಲಿಯುವುದನ್ನೇ ನಿಮ್ಮ ಮನೆಯವರು ಬೋಗುಣಿಯಲ್ಲಿ ಇಟ್ಟುಕೊಟ್ಟಿದ್ದಾರೆ. ಸುಮ್ಮನೆ ಕೈ ಆಡಿಸುವುದಕ್ಕಿಂತ, ಗುರಿಯಿರುವ ನಿಜವಾದ ಕೆಲಸವನ್ನು ನೂರಾರು ಸಲ ಮಾಡಿದಾಗ ಮೆದುಳು ಹೆಚ್ಚು ಕಲಿಯುತ್ತದೆ. ಹಿತಕುವುದರಲ್ಲಿ ಇನ್ನೊಂದು ಗುಣವಿದೆ. ಪ್ರತಿ ಕಾಳಿಗೂ ಬೆರಳು ಬಿಚ್ಚಲೇಬೇಕು. ಚೆಂಡಿನಲ್ಲಿ ಅದಿಲ್ಲ. ಆದರೆ ಹೆತ್ತೂರಿನವರ ತಂದೆಗೆ ಈಗಲೇ ಇದು ಬೇಡ, ಬೆರಳು ಸ್ವಲ್ಪ ಮಿಡುಕಲು ಶುರುವಾಗಲಿ. ಆಗದ ಕೆಲಸ ಕೊಟ್ಟರೆ ಉತ್ಸಾಹ ಇಂಗಿಹೋಗುತ್ತದೆ.

ಚನ್ನರಾಯಪಟ್ಟಣದವನು, ಸದ್ಯ ಬೆಂಗಳೂರು

ನನ್ನ ತಾಯಿಗೆ ಎಡಭಾಗಕ್ಕೆ ಆಗಿದೆ. ಊರಿನಲ್ಲಿ ಅತ್ತಿಗೆ ನೋಡಿಕೊಳ್ಳುತ್ತಿದ್ದಾರೆ. ಮಾತು ಚೆನ್ನಾಗಿದೆ, ನೆನಪು ಚೆನ್ನಾಗಿದೆ. ಆದರೆ ತಟ್ಟೆಯಲ್ಲಿ ಬಲಗಡೆಯ ಅನ್ನ ಮಾತ್ರ ತಿಂದು "ಪಲ್ಯ ಹಾಕಲೇ ಇಲ್ಲ" ಎನ್ನುತ್ತಾರೆ. ಪಲ್ಯ ಎಡಗಡೆ ಹಾಗೆಯೇ ಇರುತ್ತದೆ. ತನಗೇನೂ ಆಗಿಲ್ಲ ಎಂದು ಎದ್ದು ಹೊರಟು ಎರಡು ಸಲ ಬಿದ್ದರು. ಅತ್ತಿಗೆಗೆ ಇದು ಹಟ ಎಂದೇ ಅನಿಸುತ್ತಿತ್ತು. ನಾವು ದಾಖಲಿಸಿದ್ದ ಆಸ್ಪತ್ರೆಯಲ್ಲಿ ಡಿಸ್ಚಾರ್ಜ್ ಮಾಡುವಾಗ ಒಬ್ಬರೂ ಇದರ ಬಗ್ಗೆ ಒಂದು ಮಾತು ಹೇಳಲಿಲ್ಲ. ಬಿಲ್ಲಿನ ಬಗ್ಗೆ ಮಾತ್ರ ಮೂರು ಸಲ ಹೇಳಿದರು. ಇಂದಿಗೂ ನನಗೆ ಅದು ನೋವು.

ಇನ್ನೊಂದು ಪ್ರಶ್ನೆ. ಮನೆಯವರೇ ಕಲಿತು ಮಾಡಿದರೆ ಸಾಕೇ, ಫಿಸಿಯೋ ಬೇಡವೇ? ಇಲ್ಲಿ ಎಲ್ಲರೂ ಹೇಳುವುದನ್ನು ಓದಿದರೆ ಹಾಗನಿಸುತ್ತದೆ.

ಫಿಸಿಯೋಥೆರಪಿಸ್ಟ್, ಹಾಸನ

ಮೊದಲು ನಿಮ್ಮ ತಾಯಿಯ ವಿಷಯ. ಮೆದುಳಿನ ಬಲಭಾಗಕ್ಕೆ ಪೆಟ್ಟಾದ ಹಲವರಲ್ಲಿ ಎಡಗಡೆಯ ಜಗತ್ತೇ ಗಮನಕ್ಕೆ ಬರುವುದಿಲ್ಲ. ಕಣ್ಣು ಸರಿಯಿರುತ್ತದೆ, ಗಮನ ಆ ಕಡೆ ಹೋಗುವುದಿಲ್ಲ. ತಮ್ಮ ಬಲಹೀನತೆಯ ಅರಿವೂ ಇರುವುದಿಲ್ಲ, ಆದ್ದರಿಂದಲೇ ಎದ್ದು ಹೊರಡುತ್ತಾರೆ. ಅತ್ತಿಗೆಗೆ ದಯವಿಟ್ಟು ಇದನ್ನು ಓದಿ ಹೇಳಿ. ಮಾತನಾಡಿಸುವವರು ಎಡಗಡೆ ಕೂರಲಿ. ತಟ್ಟೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, "ಕೆಂಪು ಕಾಣುವವರೆಗೆ ತಿರುಗಿ ನೋಡಿ" ಎಂದು ಪ್ರತಿ ಊಟದಲ್ಲೂ ನೆನಪಿಸಿ. ಒಬ್ಬರನ್ನೇ ಬಿಡಬೇಡಿ.

ಎರಡನೆಯ ಪ್ರಶ್ನೆಗೆ ಉತ್ತರ ನಮ್ಮ ದೇಶದಲ್ಲೇ ಹುಡುಕಿದ್ದಾರೆ. ಭಾರತದ 14 ಆಸ್ಪತ್ರೆಗಳಲ್ಲಿ 1250 ರೋಗಿಗಳನ್ನಿಟ್ಟು ಅಟೆಂಡ್ ಎಂಬ ಅಧ್ಯಯನ ನಡೆಯಿತು, ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಒಂದು ಗುಂಪಿನ ಮನೆಯವರಿಗೆ ವ್ಯಾಯಾಮ ಮಾಡಿಸುವ ತರಬೇತಿ ಕೊಟ್ಟರು, ಇನ್ನೊಂದು ಗುಂಪಿಗೆ ಎಂದಿನ ಆರೈಕೆ. ಆರು ತಿಂಗಳ ನಂತರ ತೀರಿಕೊಂಡವರು ಅಥವಾ ಪರಾವಲಂಬಿಯಾಗಿಯೇ ಉಳಿದವರು ಎರಡೂ ಗುಂಪಿನಲ್ಲಿ ಶೇ. 47. ಮನೆಯವರಿಗೆ ಸ್ವಲ್ಪ ಕಲಿಸಿ ಕೈಬಿಟ್ಟರೆ ಸಾಲದು ಎಂಬುದೇ ನನಗೆ ಅದರಿಂದ ತಿಳಿಯುವುದು. ಇನ್ನೊಂದು ಕಡೆ, ಬ್ರಿಟನ್ನಿನ 2023ರ ಮಾರ್ಗಸೂಚಿ ದಿನಕ್ಕೆ ಕನಿಷ್ಠ 3 ಗಂಟೆಯಂತೆ ವಾರಕ್ಕೆ ಕನಿಷ್ಠ 5 ದಿನ ಪುನಶ್ಚೇತನ ಚಿಕಿತ್ಸೆ ಬೇಕು ಎನ್ನುತ್ತದೆ, ಕೈಕಾಲು, ಮಾತು, ನಿತ್ಯಕೆಲಸ ಎಲ್ಲ ಸೇರಿ. ವಾರಕ್ಕೆ ಎರಡು ಸಲ ಬಂದು ಹೋಗುವ ಯಾವ ಫಿಸಿಯೋ ಅಷ್ಟು ಕೊಡಬಲ್ಲರು? ಆದ್ದರಿಂದ ಇಬ್ಬರೂ ಬೇಕು. ದಾರಿ ತೋರಿಸಿ ಆಗಾಗ ತಿದ್ದುವುದು ನಮ್ಮ ಪಾಲು, ದಿನವಿಡೀ ಅದನ್ನು ಬದುಕಿನೊಳಗೆ ತರುವುದು ನಿಮ್ಮ ಪಾಲು.

ಬರುವ ಫಿಸಿಯೋ ಹತ್ತಿರ ಸಂಕೋಚವಿಲ್ಲದೆ ಕೇಳಿ. ಈ ವಾರದ ಗುರಿ ಏನು, ನಾವು ಯಾವುದನ್ನು ಅಭ್ಯಾಸ ಮಾಡಿಸಬೇಕು, ನಮ್ಮ ಕೈಯಲ್ಲಿ ಒಮ್ಮೆ ಮಾಡಿಸಿ ನೋಡುತ್ತೀರಾ. ಬಂದು, ಕರೆಂಟ್ ಯಂತ್ರ ಇಟ್ಟು, ಕೈಕಾಲು ಆಡಿಸಿ, ಯಾರಿಗೂ ಏನೂ ಕಲಿಸದೆ ಹೋಗುವವರಾದರೆ ಬೇರೆಯವರನ್ನು ಹುಡುಕಿ. ನನ್ನ ವೃತ್ತಿಯವರ ಬಗ್ಗೆಯೇ ಇದನ್ನು ಹೇಳುತ್ತಿದ್ದೇನೆ, ಏಕೆಂದರೆ ಆ ಮೊದಲ ತಿಂಗಳುಗಳು ಮತ್ತೆ ಸಿಗುವುದಿಲ್ಲ. ಆರು ತಿಂಗಳಾದ ಮೇಲೆ ಏನೂ ಆಗುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. ವೇಗ ಕಡಿಮೆಯಾಗುತ್ತದೆ, ಬಾಗಿಲು ಮುಚ್ಚುವುದಿಲ್ಲ.

ವಾಕ್ ಚಿಕಿತ್ಸೆಯ ವಿದ್ಯಾರ್ಥಿನಿ, ಹೊಳೆನರಸೀಪುರ

ಮಾತಿನ ಬಗ್ಗೆ ಯಾರೂ ಬರೆದಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ. ಹೆಚ್ಚಿನವರಿಗೆ ಎಡಮೆದುಳಿನಲ್ಲಿ ಮಾತಿನ ಕೇಂದ್ರಗಳಿರುತ್ತವೆ. ಹೆತ್ತೂರಿನ ಅಣ್ಣನವರ ತಂದೆಗೆ ಬುದ್ಧಿ ಹಾಗೆಯೇ ಇದೆ, ಪದ ಸಿಗುತ್ತಿಲ್ಲ. ಮಕ್ಕಳ ಹತ್ತಿರ ಮಾತನಾಡುವಂತೆ ಅವರ ಹತ್ತಿರ ಮಾತನಾಡಬೇಡಿ, ಗಟ್ಟಿಯಾಗಿ ಕೂಗಲೂ ಬೇಡಿ. "ಕಾಫಿಯೋ, ನೀರೋ?" ಎಂದು ಎರಡನ್ನೂ ತೋರಿಸಿ ಕೇಳಿ. ಉತ್ತರಕ್ಕೆ ಕಾಯಿರಿ, ಅವರ ಮಾತನ್ನು ನೀವೇ ಮುಗಿಸಬೇಡಿ. ಮಾತು ಬಾರದವರು ಎಷ್ಟೋ ಸಲ ಒಂದು, ಎರಡು, ಮೂರು ಎಂದು ಎಣಿಸುತ್ತಾರೆ, ವಾರದ ಹೆಸರು ಹೇಳುತ್ತಾರೆ, ಗೊತ್ತಿರುವ ದೇವರನಾಮ ಹಾಡಿಬಿಡುತ್ತಾರೆ. ರಾಗದ ಕೆಲಸದಲ್ಲಿ ಬಲಮೆದುಳಿನ ಪಾಲು ದೊಡ್ಡದು. ನಿಮ್ಮ ತಾಯಿ ಸಂಜೆ ದೀಪ ಹಚ್ಚುವಾಗ ಹಾಡಿದರೆ ತಂದೆಯವರನ್ನು ಜೊತೆಗೆ ಕೂರಿಸಿ ನೋಡಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಒಮ್ಮೆಯಾದರೂ ಕರೆದುಕೊಂಡು ಹೋಗಿ. ಹಾಸನದಿಂದ ನಮ್ಮೂರಿನ ಮೇಲೆ ಮೈಸೂರಿಗೆ ರೈಲಿದೆ, ಬಸ್ಸಿಗಿಂತ ಕುಲುಕಾಟ ಕಡಿಮೆ.

ಹೆತ್ತೂರು ಕಡೆಯವನು

ಎಲ್ಲರಿಗೂ ಕೃತಜ್ಞತೆ. ಹಗ್ಗ ಬಿಚ್ಚಿದೆವು. ಭುಜದ ಹಳ್ಳ ಬೆರಳಿಗೆ ಸಿಕ್ಕಿತು, ಫಿಸಿಯೋ ಅವರಿಗೆ ತೋರಿಸಿದೆ, ಕೈಗೆ ಆಧಾರ ಕೊಡುವುದನ್ನು ಅವರೇ ಮತ್ತೊಮ್ಮೆ ತಿದ್ದಿಕೊಟ್ಟರು. ಮುದ್ದೆಯ ಬದಲು ಅಂಬಲಿ, ಮೆತ್ತಗೆ ಬೆಂದ ಅನ್ನ. ಅವ್ವನ ಜೊತೆ ಕೂರಿಸಿದಾಗ ಹಾಡಿನ ಕೊನೆಯ ಪದಗಳನ್ನು ಅಪ್ಪ ಸ್ಪಷ್ಟವಾಗಿ ಹೇಳಿದರು. ಅವ್ವ ಹಾಡುವುದನ್ನು ನಿಲ್ಲಿಸಿ ಅತ್ತುಬಿಟ್ಟರು.

ಈಗ ಎರಡು ತೊಂದರೆ. ಪಾದ ಮೇಲೆತ್ತಲು ಆಗದೆ ಬೆರಳು ನೆಲಕ್ಕೆ ತಗಲುತ್ತದೆಂದು ಪ್ಲಾಸ್ಟಿಕ್ ಪಟ್ಟಿ ಕೊಟ್ಟಿದ್ದಾರೆ. ನಮ್ಮದು ರೆಡ್ ಆಕ್ಸೈಡ್ ನೆಲ, ಪಟ್ಟಿ ಹಾಕಿ ನಡೆದರೆ ಜಾರುತ್ತದೆ. ಎರಡನೆಯದು ನನ್ನ ಹೆಂಡತಿಯದು. ಎತ್ತಿ ಕೂರಿಸಿ ಆಕೆಗೆ ಸೊಂಟ ನೋವು ಬಂದಿದೆ. ಬಾಯಿಬಿಟ್ಟು ಹೇಳುವುದಿಲ್ಲ.

ಅರಕಲಗೂಡಿನ ಗೃಹಿಣಿ

ಅಣ್ಣಾ, ಆ ತಂಗಿಯ ಬಗ್ಗೆ ನೀವು ಬರೆದದ್ದೇ ದೊಡ್ಡದು. ಇಂಥ ಮನೆಗೆ ಬಂದವರೆಲ್ಲ ರೋಗಿ ಹೇಗಿದ್ದಾರೆ ಎಂದು ಕೇಳುತ್ತಾರೆ, ನೋಡಿಕೊಳ್ಳುವವಳು ರಾತ್ರಿ ಮಲಗಿದಳೇ ಎಂದು ಯಾರೂ ಕೇಳುವುದಿಲ್ಲ. ಬಟ್ಟೆ, ಮಲಮೂತ್ರ, ಔಷಧಿಯ ಹೊತ್ತು, ಬಂದವರಿಗೆ ಕಾಫಿ, ಎಲ್ಲ ಒಬ್ಬಳ ಮೇಲೆ. ವಾರದಲ್ಲಿ ಒಂದು ಪೂರ್ತಿ ದಿನ ನೀವೇ ಸ್ನಾನದಿಂದ ಹಿಡಿದು ಎಲ್ಲವನ್ನೂ ನೋಡಿಕೊಳ್ಳಿ, ಆಕೆ ತವರಿಗೋ ಎಲ್ಲಿಗೋ ಹೋಗಿ ಬರಲಿ. ಗಂಡಸರಿಗೆ ಸ್ನಾನ ಮಾಡಿಸುವುದು ಸೊಸೆಯ ಕೆಲಸವಾಗಬಾರದು, ಅದು ನಿಮ್ಮ ತಂದೆಯವರ ಮನಸ್ಸಿಗೂ ಒಳ್ಳೆಯದು. ಬಚ್ಚಲಿನಲ್ಲಿ ನಾಲ್ಕು ಕಾಲಿನ ಗಟ್ಟಿ ಕುರ್ಚಿ ಹಾಕಿ ಕೂರಿಸಿ ನೀರು ಹಾಕಿ.

ಶುಶ್ರೂಷಕಿ, ಬೇಲೂರು

ಲಕ್ವವಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಊಟ, ನಿದ್ದೆ ಬಿಟ್ಟು, ಯಾವುದೂ ಬೇಡ ಎಂದು ಮಲಗಿದರೆ ವೈದ್ಯರಿಗೆ ಹೇಳಿ, ಅದಕ್ಕೆ ಚಿಕಿತ್ಸೆಯಿದೆ. ನೋಡಿಕೊಳ್ಳುವವರಿಗೂ ಅದೇ ಮಾತು. ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತನಾಡಬಹುದು.

ಇನ್ನೊಂದನ್ನು ಗೋಡೆಯ ಮೇಲೆ ಬರೆದಿಡಿ. ಮುಖ ಸೊಟ್ಟಗಾದರೆ, ಕೈ ಬಲ ತಪ್ಪಿದರೆ, ಮಾತು ತೊದಲಿದರೆ ಕೂಡಲೇ 108. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಸಕಲೇಶಪುರದಿಂದ ಹಾಸನಕ್ಕೇ 40 ಕಿಲೋಮೀಟರ್, ನಿಮ್ಮ ಊರಿನಿಂದ ಸಕಲೇಶಪುರಕ್ಕೆ ಬರುವ ದಾರಿ ಬೇರೆ. ಸ್ಕ್ಯಾನಿಂಗ್ ಇಲ್ಲದ ಕಡೆ ಕೂತು ಹೊತ್ತು ಕಳೆಯಬೇಡಿ. ಕೊನೆಯದಾಗಿ ಸರಿಯಿದ್ದದ್ದು ಎಷ್ಟು ಗಂಟೆಗೆ ಎಂದು ವೈದ್ಯರು ಮೊದಲು ಕೇಳುತ್ತಾರೆ.

ಕೆಲವು ತಿಂಗಳ ನಂತರವೂ ಬಲಹೀನತೆ ಉಳಿದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಿ. ಶೇ. 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಸಿಕ್ಕರೆ ಸರ್ಕಾರದ ಸೌಲಭ್ಯಗಳಿಗೆ ದಾರಿಯಾಗುತ್ತದೆ.

ಫಿಸಿಯೋಥೆರಪಿಸ್ಟ್, ಹಾಸನ

ಪಾದದ ಪಟ್ಟಿಯನ್ನು ಬರಿಗಾಲಿಗೆ ಹಾಕಿ ನಯವಾದ ನೆಲದ ಮೇಲೆ ನಡೆಸಲೇಬೇಡಿ. ಅದು ಶೂ ಒಳಗೆ ಹಾಕುವ ಸಾಧನ. ಮನೆಯೊಳಗೆ ಚಪ್ಪಲಿ ಬೇಡವೆನ್ನುವುದು ನಮ್ಮ ಪದ್ಧತಿ, ಒಪ್ಪುತ್ತೇನೆ. ಒಳಗೆ ಮಾತ್ರ ಬಳಸಲು ರಬ್ಬರ್ ಅಡಿಯ, ಹಿಂದೆ ಪಟ್ಟಿಯಿರುವ ಹೊಸ ಶೂ ಒಂದು ಜೊತೆ ತೆಗೆದಿಡಿ. ಒಂದು ಸೈಜ್ ದೊಡ್ಡದಿರಲಿ. ಪಾದದ ಪಟ್ಟಿ ಬಿಚ್ಚಿದ ಮೇಲೆ ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಿ. ಅಂಗಳದಲ್ಲಿ ಪಾಚಿ ಕಟ್ಟುವ ಮೊದಲೇ ಜಗಲಿಯನ್ನು ನಡಿಗೆಗೆ ಸಜ್ಜು ಮಾಡಿ. ಹೊಸ್ತಿಲು ದಾಟುವಾಗ, ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು. ಇಳಿಯುವಾಗ ಬಲಗಾಲು ಮೊದಲು.

ನಿಮ್ಮ ಮನೆಯವರ ಸೊಂಟದ ಬಗ್ಗೆ: ಎತ್ತುವುದನ್ನೇ ನಿಲ್ಲಿಸಬೇಕು. ಅವರು ಮುಂದೆ ಬಾಗಿ ತಾವಾಗಿ ಏಳಬೇಕು, ನೀವು ಬೆಲ್ಟ್ ಹಿಡಿದಿರಬೇಕು. ಮಂಚ ತಗ್ಗಾಗಿದ್ದರೆ ಕಾಲಿಗೆ ಮರದ ಗಟ್ಟಿ ದಿಮ್ಮಿ ಕೊಟ್ಟು ಎತ್ತರಿಸಿ, ಅರ್ಧ ಶ್ರಮ ಅಲ್ಲೇ ಕಡಿಮೆಯಾಗುತ್ತದೆ.

ಹೆತ್ತೂರು ಕಡೆಯವನು

ಶನಿವಾರದಿಂದ ಸ್ನಾನ ನನ್ನ ಪಾಲು. ನಾಳೆ ಬಡಗಿ ಬರುತ್ತಾರೆ, ಮಂಚಕ್ಕೆ ದಿಮ್ಮಿ, ಮಲಗುವ ಕೋಣೆಯಿಂದ ಬಚ್ಚಲಿನವರೆಗೆ ಹಿಡಿದು ನಡೆಯಲು ಕಂಬಿ ಹಾಕಿಸೋಣ ಎಂದುಕೊಂಡಿದ್ದೇವೆ. ಹೋಗುವಾಗ ಎಡಗಡೆಯ ಗೋಡೆಗೆ ಹಾಕಿಸಿದರೆ ಸಾಕಲ್ಲವೇ ಮೇಡಂ? ಎತ್ತರ ಎಷ್ಟಿರಬೇಕು?

ಫಿಸಿಯೋಥೆರಪಿಸ್ಟ್, ಹಾಸನ

ಸಾಲದು. ಹೋಗುವಾಗ ಎಡಗೈಗೆ ಸಿಕ್ಕ ಕಂಬಿ ಹಿಂತಿರುಗಿ ಬರುವಾಗ ಬಲಗಡೆಗೆ ಬೀಳುತ್ತದೆ, ಆ ಕೈ ಹಿಡಿಯಲಾರದು. ಎರಡೂ ಗೋಡೆಗೆ ಹಾಕಿಸಿ. ಎತ್ತರಕ್ಕೆ ಅಡಿ, ಇಂಚು ಬೇಡ. ತಂದೆಯವರನ್ನು ಶೂ ಹಾಕಿಸಿ ನೆಟ್ಟಗೆ ನಿಲ್ಲಿಸಿ, ಎಡಗೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿ ಬರುತ್ತದೋ ಅಲ್ಲಿ ಗೋಡೆಗೆ ಗುರುತು ಹಾಕಿ. ಊರುಗೋಲು ಕತ್ತರಿಸುವುದೂ ಅದೇ ಅಳತೆಗೆ. ಕಂಬಿ ಒಂದೂವರೆ ಇಂಚಿನಷ್ಟು ದಪ್ಪ ದುಂಡಗಿರಲಿ, ಗೋಡೆಗೂ ಕಂಬಿಗೂ ನಡುವೆ ಬೆರಳುಗಳು ಸರಾಗವಾಗಿ ತೂರುವಷ್ಟು ಜಾಗ ಇರಲಿ. ಬಡಗಿ ಹೋಗುವ ಮೊದಲು ನೀವೇ ಪೂರ್ತಿ ಭಾರ ಹಾಕಿ ಜಗ್ಗಿ ನೋಡಿ.